ವಿಮಾನಕ್ಕಾಗಿ ಬೇಡಿದ ದೀಪಗಳು

ಥಲಪಾಟಾದ ವಿಮಾನದ ಬಯಲಿಗೆ ಧನಜಿತ್ ರೋಕಾಯ ಕಾವಲುಗಾರನಾಗಿ ಇಪ್ಪತ್ತೆರಡು ವರ್ಷವಾಗಿತ್ತು. ವಿಮಾನ ಬರುವ ಮುಂಚೆ ಕೈ ಸೈರನ್ ತಿರುಗಿಸಿ ಕೂಗಿಸಬೇಕು, ಬಯಲಲ್ಲಿ ಮೇಯುವ ಆಡು ಕುರಿಗಳನ್ನೂ ಅಡ್ಡ ಹಾಯುವ ಮುದುಕಿಯರನ್ನೂ ಅಟ್ಟಬೇಕು, ಗಾಳಿ ತೋರಿಸುವ ಬಟ್ಟೆಚೀಲ ಹರಿದರೆ ಹೊಲಿದು ಮತ್ತೆ ಕಂಬಕ್ಕೆ ಏರಿಸಬೇಕು. ಅಕ್ಷರ ಅವನಿಗೆ ತನ್ನ ಹೆಸರು ಬರೆಯುವಷ್ಟು ಬರುತ್ತಿತ್ತು, ಅಷ್ಟೇ. ಆದರೆ ಯಾವ ಕಣಿವೆಯಲ್ಲಿ ಮೋಡ ಎಷ್ಟು ಹೊತ್ತು ಕೂರುತ್ತದೆ, ಮಧ್ಯಾಹ್ನದ ಗಾಳಿ ಯಾವಾಗ ತಿರುಗುತ್ತದೆ ಅಂತ ಅವನು ಹೇಳಿದರೆ ನೇಪಾಳಗಂಜಿನ ಪೈಲಟ್‌ಗಳೂ ತಲೆದೂಗುತ್ತಿದ್ದರು.

ಅವತ್ತು ದೀಪಾವಳಿಯ ಲಕ್ಷ್ಮೀಪೂಜೆ. ಎರಡು ಗಂಟೆಯ ವಿಮಾನಕ್ಕೆ ಅವನ ಹೆಂಡತಿ ಲಾಲಸರಾ ಬರುವವಳಿದ್ದಳು. ನಲವತ್ತು ದಿನದ ಹಿಂದೆ ಅವಳನ್ನು ನೇಪಾಳಗಂಜಿನ ಆಸ್ಪತ್ರೆಗೆ ಕಳಿಸಿದ್ದು. ಹೊಟ್ಟೆ ಕುಯ್ದು ಕಲ್ಲು ತೆಗೆದಿದ್ದರು. ಇನ್ನೂ ಎಂಟು ದಿನ ಇರಲಿ ಅಂದಿದ್ದರಂತೆ ಡಾಕ್ಟರು. ಆದರೆ ಧನಜಿತ್ ರೇಡಿಯೋದಲ್ಲಿ ಹೇಳಿ ಕಳಿಸಿದ್ದ: "ಹಬ್ಬಕ್ಕೆ ಬಂದುಬಿಡಲಿ. ಮೂವತ್ತೆಂಟು ವರ್ಷದಲ್ಲಿ ಒಂದು ಹಬ್ಬಾನೂ ಅವಳಿಲ್ಲದೆ ಮಾಡಿಲ್ಲ."

ಈ ಮಾತು ಹೇಳಿದ್ದು ತಾನೇ ಅನ್ನುವುದು ಆ ಸಂಜೆ ಅವನ ಎದೆಯ ಮೇಲೆ ಗುಂಡುಕಲ್ಲಿನ ಹಾಗೆ ಕೂತಿತು.

ಎರಡಾಯಿತು, ಮೂರಾಯಿತು. ವಿಮಾನದ ಸುದ್ದಿಯಿಲ್ಲ. ಹಬ್ಬಕ್ಕೆ ಊರು ಸೇರುವವರ ನೂಕುನುಗ್ಗಲು, ಒಂದೇ ವಿಮಾನ ಬೆಳಗಿಂದ ಮೂರು ಕಡೆ ಹೋಗಿ ಬರುತ್ತಿದೆ ಅಂದ ರೇಡಿಯೋದ ತೀರ್ಥಮಾನ್. ಅವನು ಪಾಲ್ಪಾ ಕಡೆಯವನು, ಮೂವತ್ತರ ಆಸುಪಾಸು, ಈ ಚಳಿಯ ಊರಿಗೆ ವರ್ಗವಾಗಿ ಬಂದು ಎರಡು ವರ್ಷದಿಂದ ವಾಪಸ್ ವರ್ಗ ಕೇಳುತ್ತಲೇ ಇದ್ದವನು. ನಾಲ್ಕೂವರೆಗೆ ರೇಡಿಯೋ ಕೆಮ್ಮಿತು.

"ಕಾಕಾ, ಹೊರಟಿದೆಯಂತೆ."

"ಈಗಾ? ಈಗ ಹೊರಟರೆ ಬರೋದು ಯಾವಾಗ?"

"ಐದೂಕಾಲಿಗೆ. ಬೆಳಕಿರುತ್ತೆ ಬಿಡಿ. ಕಾಕಿ ಬಂದು ನಿಮ್ಮ ಕೈಯಿಂದ ಸೌಟು ಕಿತ್ಕೋತಾರೆ. ಹಬ್ಬದ ಬಾಬರ್ ರೊಟ್ಟಿಗೆ ಹಿಟ್ಟು ಕಲಸಿದೀರಾ?"

"ಕಲಸಿದೀನಿ. ನೀರು ಜಾಸ್ತಿ ಆಯ್ತು."

"ಹಾಗಾದ್ರೆ ಬಾಬರ್ ಅಲ್ಲ, ಗಂಜಿ."

ಐದೂಕಾಲಿಗೆ ಬರಬೇಕಾದ ವಿಮಾನ ಬರಲಿಲ್ಲ. ಪಡುವಣದ ಗುಡ್ಡದ ಹಿಂದೆ ಹೊತ್ತು ಇಳಿದು, ಬಯಲಿನ ಮೇಲೆ ನೆರಳು ಚಾಪೆ ಹಾಸಿದ ಹಾಗೆ ಹಾಸಿಕೊಂಡಿತು. ಆಗ ಕ್ಯಾಪ್ಟನ್ ಗುರುಂಗನ ದನಿ ಬಂತು. ತೆಂಕಣ ಕಣಿವೆಯ ಬಾಯಿಯನ್ನು ಮೋಡ ಮುಚ್ಚಿತ್ತಂತೆ. ಪಡುವಣದ ಕಡೆಯಿಂದ ಬಳಸಿ ಬರುವಾಗ ಎಡಗಡೆ ಎಂಜಿನ್ನಿನ ಎಣ್ಣೆ ಸೋರಿ ಅದನ್ನು ನಿಲ್ಲಿಸಬೇಕಾಯಿತಂತೆ. ಕಣಿವೆಯೊಳಗೆ ಇಳಿದಾಗಿದೆ, ಒಂದೇ ಎಂಜಿನ್ನಿನಲ್ಲಿ ಮತ್ತೆ ಗುಡ್ಡ ಹತ್ತಿ ವಾಪಸ್ ಹೋಗುವಂತಿಲ್ಲ.

"ನಿಮ್ಮಲ್ಲೇ ಇಳೀಬೇಕು. ಬೇರೆ ದಾರಿ ಇಲ್ಲ," ಅಂದ ಕ್ಯಾಪ್ಟನ್. ದನಿಯಲ್ಲಿ ಅವಸರ ಇರಲಿಲ್ಲ. ಅದನ್ನು ಕೇಳಿಯೇ ಧನಜಿತನಿಗೆ ಭಯವಾದದ್ದು. ನುರಿತ ಪೈಲಟ್ ಅಷ್ಟು ನಿಧಾನ ಮಾತಾಡಬೇಕಾದರೆ ವಿಷಯ ಕೆಟ್ಟಿದೆ ಅಂತಲೇ ಅರ್ಥ.

ಥಲಪಾಟಾದಲ್ಲಿ ಕತ್ತಲಾದ ಮೇಲೆ ಯಾವ ವಿಮಾನವೂ ಇಳಿದದ್ದಿಲ್ಲ. ಇಳಿಯಲು ಅಲ್ಲಿ ಒಂದು ಮಿಣುಕು ದೀಪವೂ ಇಲ್ಲ. ಏಳು ವರ್ಷದ ಹಿಂದೆ ಇನ್ನೊಂದು ಪುಟ್ಟ ವಿಮಾನ ಹೀಗೆಯೇ ಮುಸ್ಸಂಜೆಗೆ ಬರಲು ಹೋಗಿ ಕಾಲೀಲೇಕದ ಗುಡ್ಡಕ್ಕೆ ಬಡಿದಿತ್ತು. ಧನಜಿತ್ ಊರ ಗಂಡಸರ ಜೊತೆ ಒಂದೂವರೆ ದಿನ ನಡೆದು ಅಲ್ಲಿಗೆ ಹೋಗಿದ್ದ. ಗಾಯವಾದವರನ್ನು ಹೊತ್ತು ತರಲು ಬೆನ್ನುಬುಟ್ಟಿಗಳನ್ನು ಹೊತ್ತು ಹೋಗಿದ್ದರು. ಅಲ್ಲಿ ಗಾಯವಾದವರು ಯಾರೂ ಉಳಿದಿರಲಿಲ್ಲ. ಆ ಬುಟ್ಟಿಗಳನ್ನು ಆಮೇಲೆ ಯಾರೂ ಹುಲ್ಲು ತರಲಿಕ್ಕೂ ಬಳಸಲಿಲ್ಲ.

ಅವನು ನಿಂತು ಯೋಚಿಸಲಿಲ್ಲ. ಚಳಿಗಾಲಕ್ಕೆ ಅಂತ ಪೇರಿಸಿಟ್ಟ ಅಂಟುಚಕ್ಕೆ, ಅಂದರೆ ಎಣ್ಣೆ ಜಿನುಗುವ ಪೈನ್ ಮರದ ಸೀಳು, ಎಲ್ಲವನ್ನೂ ಎಳೆಸಿದ. ಮಾಲು ಇಳಿಸಲು ಕಾದಿದ್ದ ಇಬ್ಬರು ಹಮಾಲರು ಕೈಜೋಡಿಸಿದರು. ಬಯಲಿನ ಎರಡೂ ಅಂಚಿಗೆ ಇಪ್ಪತ್ತು ಹೆಜ್ಜೆಗೊಂದರಂತೆ ಸಣ್ಣ ಸಣ್ಣ ಬೆಂಕಿ ಹಾಕಿದರು. ಎರಡು ಸಾಲು ಬೆಂಕಿ ಹತ್ತಿಕೊಳ್ಳುವ ಹೊತ್ತಿಗೆ ಅಮಾವಾಸ್ಯೆಯ ಕತ್ತಲು ಗಟ್ಟಿಯಾಗಿ ಇಳಿದಿತ್ತು, ವಿಮಾನದ ಸದ್ದೂ ಕೇಳಿಸಿತು. ಎರಡು ಎಂಜಿನ್ನಿನ ಸದ್ದು ಕೇಳಿ ಕೇಳಿ ಪಳಗಿದ ಅವನ ಕಿವಿಗೆ ಅದು ಒಂಟಿ ಕಾಲಲ್ಲಿ ಕುಂಟುತ್ತ ಬರುವವನ ಹೆಜ್ಜೆಯ ಹಾಗೆ ಕೇಳಿತು.

ವಿಮಾನ ಬಂತು. ಆದರೆ ಬಯಲಿನ ಕಡೆಗಲ್ಲ. ಮೇಲಿನ ಕೇರಿಯ ಕಡೆ ಮೂತಿ ತಿರುಗಿಸಿತು, ತಗ್ಗಿತು, ಇನ್ನೂ ತಗ್ಗಿತು. ಮನೆಗಳ ಮೇಲೆ ನಾಲ್ಕಾಳೆತ್ತರದಲ್ಲಿ ಹಾದು, ಬಡಬಡಿಸಿಕೊಂಡು ಹೇಗೋ ಮೇಲೆದ್ದಿತು. ಮಾಳಿಗೆಗಳ ಮೇಲಿದ್ದ ಮಕ್ಕಳು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದ್ದು ಬಯಲಿನವರೆಗೂ ಕೇಳಿಸಿತು. ಹಬ್ಬಕ್ಕೆ ವಿಮಾನದವರು ತಮಾಷೆ ಮಾಡಿದರು ಅಂದುಕೊಂಡಿದ್ದವು ಪಾಪ.

ಧನಜಿತ್ ಏದುಸಿರು ಬಿಡುತ್ತ ರೇಡಿಯೋ ಕೋಣೆಗೆ ನುಗ್ಗಿದ.

"ನಿಮ್ಮ ಬಯಲ ಮೇಲೆ ಜನ ನಿಂತಿದ್ದಾರಲ್ಲಯ್ಯಾ!" ಕ್ಯಾಪ್ಟನ್ ರೇಗುತ್ತಿದ್ದ.

"ಇಲ್ಲ ಸರ್, ಬಯಲಲ್ಲಿ ಯಾರೂ ಇಲ್ಲ," ಅಂದ ತೀರ್ಥಮಾನ್.

ಧನಜಿತ್ ಅವನ ಕೈಯಿಂದ ಮೈಕು ಇಸಿದುಕೊಂಡ. "ಸಾಬ್, ಅದು ಬಯಲಲ್ಲ. ನಮ್ಮ ಮನೆಗಳು. ದೀಪಾವಳಿ ದೀಪ ಅವು."

ರೇಡಿಯೋ ಗೊರಗುಟ್ಟಿ ಕ್ಯಾಪ್ಟನ್ ದನಿ ಬಂತು.

"ಧನಜಿತ್ ದಾಜುನಾ? ಅಣ್ಣಾ, ನನಗೆ ಕೆಳಗೆ ನಾಲ್ಕು ಕಡೆ ಜೋಡಿ ಸಾಲು ಕಾಣ್ತಿವೆ. ಎಲ್ಲಾ ಒಂದೇ ಥರ. ನಿಮ್ಮದು ಯಾವುದು ಅಂತ ಹೇಗೆ ಹುಡುಕಲಿ? ಮತ್ತೆ ತಪ್ಪಿದರೆ ಮೇಲೇಳೋಕೆ ಆಗಲ್ಲ. ಇರೋ ಎಂಜಿನ್ನೂ ಕಾದು ಬಿಸಿಯಾಗ್ತಾ ಇದೆ. ಅರ್ಧ ಗಂಟೆ ಸುತ್ತಬಲ್ಲೆ, ಅಷ್ಟೇ."

ಧನಜಿತ್ ಹೊರಗೆ ಬಂದು ಗುಡ್ಡದ ಕಡೆ ನೋಡಿದ. ಹುಟ್ಟಿದಾಗಿನಿಂದ ನೋಡಿದ ಊರು, ಅವತ್ತು ಮೊದಲ ಸಲ ಮೇಲಿನಿಂದ ನೋಡಿದವನ ಕಣ್ಣಲ್ಲಿ ಕಂಡಿತು. ಆ ಸೀಮೆಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಒಂದರ ಪಕ್ಕ ಒಂದು ಅಂಟಿಕೊಂಡು ಉದ್ದಕ್ಕೆ ಸಾಗುತ್ತವೆ, ಥಲಪಾಟಾದಲ್ಲಿ ಅಂಥ ಸಾಲು ಮೂರು. ಪ್ರತಿ ಮಾಳಿಗೆಯ ಈ ಅಂಚಿಗೂ ಆ ಅಂಚಿಗೂ ಹಣತೆ ಇಟ್ಟರೆ ಆಗುವುದು ಏನು? ಎರಡು ನೆಟ್ಟಗಿನ ಸಾಲು. ಅವನು ಹಾಕಿದ ಬೆಂಕಿಗಿಂತ ಅಚ್ಚುಕಟ್ಟು.

ಅರವತ್ತರ ಆಳು ಆಡಿನ ಹಾಗೆ ಮೇಲಿನ ಕೇರಿಗೆ ಹತ್ತಿದ. ಊರಿನ ಮುಖಿಯಾ ಗೋರಖ್ ಶಾಹಿ ತನ್ನ ಅಂಗಳದಲ್ಲೇ ನಿಂತಿದ್ದ. ಹೊಸಿಲಿನಿಂದ ಕಣಜದ ಕೋಣೆವರೆಗೆ ಅಕ್ಕಿಹಿಟ್ಟಿನಲ್ಲಿ ಲಕ್ಷ್ಮಿಯ ಪುಟ್ಟ ಪಾದಗಳನ್ನು ಬರೆದಿದ್ದರು, ಇನ್ನೂ ಹಸಿಯಾಗಿತ್ತು.

"ಮುಖಿಯಾ ದಾಜು, ದೀಪ ಆರಿಸಬೇಕು. ಎಲ್ಲರ ಮನೇದೂ. ಈಗಲೇ."

ಗೋರಖ್ ಶಾಹಿ ಅವನನ್ನು ಕೆಳಗಿಂದ ಮೇಲೆ ನೋಡಿದ. "ಏನೋ ಕುಡಿದು ಬಂದಿದೀಯಾ? ಲಕ್ಷ್ಮಿ ಬಾಗಿಲಿಗೆ ಬರೋ ಹೊತ್ತು ಇದು."

"ವಿಮಾನಕ್ಕೆ ಬಯಲು ಕಾಣ್ತಿಲ್ಲ. ನಮ್ಮ ಮಾಳಿಗೇನೇ ಬಯಲು ಅಂದ್ಕೊಂಡು…"

"ಕಾಣದಿದ್ರೆ ವಾಪಸ್ ಹೋಗಲಿ! ಹಚ್ಚಿದ ದೀಪಾನ ಮನೆಯವರೇ ಕೈಯಾರೆ ಆರಿಸೋದಾ? ನಾನು ಆರಿಸ್ತೀನಿ ಅಂದ್ರೂ ನನ್ನ ಹೆಂಡ್ತಿ ಬಿಡಲ್ಲ. ಅವಳು ಬಿಟ್ರೂ ಪಕ್ಕದ ಮನೆಯವನು ಬಿಡಲ್ಲ. ನಲವತ್ತೊಂದು ಮನೆ ಇದೆ, ಹೋಗಿ ಕೇಳು. ನಾಳೆ ಯಾರದಾದ್ರೂ ಎಮ್ಮೆ ಸತ್ರೆ ನಿನ್ನ ಹೆಸರು ಹೇಳ್ತಾರೆ, ನೆನಪಿಟ್ಕೋ."

ಅದು ನಿಜವೇ. ಗೋರಖ್ ಶಾಹಿ ಕೆಟ್ಟವನಲ್ಲ. ಆ ರಾತ್ರಿ ಆ ಊರಿನಲ್ಲಿ ಯಾರನ್ನು ಕೇಳಿದರೂ ಅದೇ ಮಾತು ಬರುತ್ತಿತ್ತು. ಧನಜಿತ್ ಏನೋ ಹೇಳಲು ಬಾಯಿ ತೆರೆದ. ಲಾಲಸರಾ ಅದರಲ್ಲಿದ್ದಾಳೆ ಅನ್ನಬೇಕಿತ್ತು. ಹೆಂಡತಿಯ ಹೆಸರು ಅವನ ನಾಲಿಗೆಗೆ ಬರಲಿಲ್ಲ. ಗಂಡಸರ ನಡುವೆ ಅವಳ ಹೆಸರು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಮೇಲೆ ಕತ್ತಲಲ್ಲಿ ಆ ಕುಂಟು ಸದ್ದು ಕಣಿವೆ ಸುತ್ತುತ್ತಲೇ ಇತ್ತು.

ಅಷ್ಟರಲ್ಲಿ ಹೆಂಗಸರ ಹಿಂಡೊಂದು ಹಾಡುತ್ತ ಅಂಗಳಕ್ಕೆ ಬಂತು. ಭೈಲೋ ಹಾಡುವವರು. ಲಕ್ಷ್ಮೀಪೂಜೆಯ ರಾತ್ರಿ ಹುಡುಗಿಯರೂ ಹೆಂಗಸರೂ ಮನೆಮನೆಗೆ ಹೋಗಿ ಹಾಡಿ ಹರಸುತ್ತಾರೆ, ಅಕ್ಕಿ, ಕರಿದ ರೊಟ್ಟಿ ಬೇಡುತ್ತಾರೆ. ಎಲ್ಲರ ಮುಂದೆ ಮೊರ ಹಿಡಿದು ಬಂದವಳು ಧನಜಿತನ ಅತ್ತಿಗೆ ಜೌಕಲಾ. ಅಣ್ಣನ ಹೆಂಡತಿ. ಮೂವತ್ತು ವರ್ಷದಿಂದ ಊರಿನ ಭೈಲೋಕ್ಕೆ ಅವಳದೇ ಗಂಟಲು.

"ಏನೋ ಧನ್ಯಾ, ಹೆಂಡ್ತಿ ಬರೋ ದಿನ ಇಲ್ಲಿ ನಿಂತು ಯಾಕೆ ಅಳುಮೋರೆ ಹಾಕಿದೀಯಾ? ಅವಳಿಲ್ಲದ ನಲವತ್ತು ದಿನ ಚೆನ್ನಾಗಿತ್ತು ಅನ್ಸುತ್ತಾ?"

ಧನಜಿತ್ ಆಕಾಶದ ಕಡೆ ಬೆರಳು ತೋರಿಸಿದ. "ಭಾವುಜೂ, ಅವಳು ಅದರಲ್ಲಿದ್ದಾಳೆ."

ಮಿಕ್ಕದ್ದನ್ನು ಅವನು ನಾಲ್ಕು ಮಾತಲ್ಲಿ ಹೇಳಿದ. ಜೌಕಲಾ ಒಮ್ಮೆ ಮೇಲೆ ನೋಡಿದಳು, ಒಮ್ಮೆ ಮುಖಿಯಾನ ಮಾಳಿಗೆಯ ಮೇಲಿನ ಹಣತೆಗಳನ್ನು ನೋಡಿದಳು.

"ಆರಿಸೋದು ಬೇಡ," ಅಂದಳು. "ಆರಿಸಿ ಅಂದ್ರೆ ಯಾರೂ ಆರಿಸಲ್ಲ, ನಾನೂ ಆರಿಸಲ್ಲ. ನಾವು ಬೇಡ್ತೀವಿ."

"ಏನು?"

"ದೀಪಾನೇ ಬೇಡ್ತೀವಿ ಕಣೋ. ಈ ರಾತ್ರಿ ಭೈಲೋದವರಿಗೆ ಇಲ್ಲ ಅಂದ ಮನೆ ನಮ್ಮೂರಲ್ಲಿ ಯಾವುದಿದೆ?" ಅವಳು ಹಿಂದೆ ತಿರುಗಿದಳು. "ಏ ಹುಡುಗೀರಾ, ಮೊರದಲ್ಲಿರೋ ಅಕ್ಕಿ ರೊಟ್ಟಿ ಎಲ್ಲಾ ಇಲ್ಲೇ ಸುರೀರಿ. ಬುಟ್ಟಿ ಎಷ್ಟಿವೆ? ದೀಪ ಬುಟ್ಟೀಲಿಟ್ಟು ಮೇಲೆ ಮೊರ ಮುಚ್ಚಬೇಕು. ದಾರೀಲಿ ಮಿಣಮಿಣ ಅಂದ್ರೆ ಆ ಮಹಾರಾಯ ನಮ್ಮ ಹಿಂದೇನೇ ಬಂದುಬಿಟ್ಟಾನು."

ಮುಖಿಯಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಜೌಕಲಾ ಅವನ ಹೊಸಿಲ ಮುಂದೆಯೇ ನಿಂತು ದನಿಯೆತ್ತಿದಳು. ಹಳೆಯ ಧಾಟಿ, ಮಾತು ಮಾತ್ರ ಅಲ್ಲೇ ಕಟ್ಟಿದ್ದು:

"ಅಕ್ಕಿ ಬೇಡಮ್ಮಾ, ರೊಟ್ಟಿ ಬೇಡಮ್ಮಾ,
ಮಾಳಿಗೆ ಮೇಲಿನ ಬೆಳಕು ಕೊಡಮ್ಮಾ!"

"ಭೈಲೋ!" ಅಂತ ಹುಡುಗಿಯರು ದನಿಗೂಡಿಸಿದರು.

ಮುಖಿಯಾನ ಹೆಂಡತಿ ಒಳಗಿಂದ ಬಂದಳು. ಗಂಡನ ಮುಖ ನೋಡಲೂ ಇಲ್ಲ, ಏಣಿ ಹತ್ತಿ ಮಾಳಿಗೆಗೆ ಹೋದಳು. ಒಂದೊಂದೇ ಹಣತೆಯನ್ನು ಕೆಳಗಿನ ಕೈಗಳಿಗೆ ಇಳಿಸತೊಡಗಿದಳು. ಗೋರಖ್ ಶಾಹಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಭೈಲೋದವರಿಗೆ ಇಲ್ಲ ಅಂದ ಶಾಹಿ ಅಂತ ಅನ್ನಿಸಿಕೊಳ್ಳಲ್ಲ ನಾನು," ಅಂದ. "ಆದ್ರೆ ಹಣತೆ ವಾಪಸ್ ಬರಬೇಕು. ಕುಂಬಾರ ಮೂರು ದಿನದ ದಾರಿ."

"ಹಣತೆ ಹೊತ್ಕೊಂಡು ಓಡಿಹೋಗೋ ವಯಸ್ಸಾ ನನ್ನದು? ಬಾ, ನೀನೂ ಒಂದು ಬುಟ್ಟಿ ಹಿಡಿ," ಅಂದಳು ಜೌಕಲಾ.

ಧನಜಿತ್ ಕೆಳಗೆ ಓಡಿದ. ಬೆಂಕಿಗಳಿಗೆ ಚಕ್ಕೆ ಹಾಕಬೇಕಿತ್ತು. ಒಂದೊಂದಕ್ಕೆ ಹಾಕುತ್ತ ಕಿವಿಯನ್ನು ಗುಡ್ಡದ ಕಡೆಗೇ ಇಟ್ಟಿದ್ದ. ಹಾಡು ಮನೆಯಿಂದ ಮನೆಗೆ ಸರಿಯುತ್ತಿತ್ತು. ಹಾಡು ನಿಂತ ಕಡೆ ಒಂದು ಮಾಳಿಗೆ ಕಪ್ಪಾಗುತ್ತಿತ್ತು. ಒಂದು ಮನೆಯ ಮುಂದೆ ಬಹಳ ಹೊತ್ತು ನಿಂತರು, ಯಾರೋ ಮುದುಕಿ ಜಗಳ ತೆಗೆದಿರಬೇಕು. ಆಮೇಲೆ ಅದೂ ಕಪ್ಪಾಯಿತು.

ರೇಡಿಯೋ ಕೋಣೆಯ ಬಾಗಿಲು ತೆರೆದಿತ್ತು. ಕ್ಯಾಪ್ಟನ್ ಕೇಳುತ್ತಿದ್ದ: "ಗುಡ್ಡದ ಮೇಲಿನ ಸಾಲು ಕಮ್ಮಿ ಆಗ್ತಿದೆ. ಏನು ನಡೀತಿದೆ ಅಲ್ಲಿ?"

"ಭೈಲೋ, ಸರ್," ಅಂದ ತೀರ್ಥಮಾನ್.

"ಏನು?"

"ಭೈಲೋ, ಸರ್. ಹೆಂಗಸರು ಮನೆಮನೆಗೆ ಹೋಗಿ ದೀಪ ಬೇಡ್ತಿದ್ದಾರೆ."

ಕ್ಯಾಪ್ಟನ್ ಅಂದ: "ಸ್ವಲ್ಪ ಬೇಗ ಬೇಡೋಕೆ ಹೇಳು ಮಾರಾಯ."

ಬುಟ್ಟಿ ಹೊತ್ತ ಹೆಂಗಸರು ಬಯಲಿಗೆ ಇಳಿದರು. ಹಿಂದೆ ಗಂಡಸರು, ಅವರ ಹಿಂದೆ ಬೇಡ ಅಂದರೂ ಕೇಳದ ಮುದುಕರು. ಮೊರ ಸರಿಸಿ ಹಣತೆಗಳನ್ನು ಬೆಂಕಿ ಬೆಂಕಿಯ ನಡುವೆ ಕಲ್ಲಿನ ಮರೆಗೆ ಇಟ್ಟರು. ಅರ್ಧಕ್ಕರ್ಧ ದಾರಿಯಲ್ಲೇ ನಂದಿದ್ದವು, ಬೆಂಕಿಯಿಂದ ಮತ್ತೆ ಹೊತ್ತಿಸಿಕೊಂಡರು. ಅಷ್ಟು ಹೊತ್ತಿಗೆ ಇಡೀ ಕಣಿವೆಯಲ್ಲಿ ಉಳಿದದ್ದು ಎರಡೇ ಸಾಲು.

"ಕಾಣ್ತಿದೆ," ಅಂತು ರೇಡಿಯೋ. "ಈಗ ಒಂದೇ ಜೋಡಿ ಕಾಣ್ತಿದೆ. ಬರ್ತಿದೀನಿ. ಜನಾನ ದೂರ ಸರಿಸಿ."

ಧನಜಿತ್ ಸೈರನ್ನಿನ ಹಿಡಿ ತಿರುಗಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಜೋರಾಗಿ ತಿರುಗಿಸಿರಲಿಲ್ಲ. ಜನ ಹೊಲದ ಕಟ್ಟೆಯ ಹಿಂದಕ್ಕೆ ಸರಿದರು. ಹಾಡು ನಿಂತಿತ್ತು.

ವಿಮಾನ ಕತ್ತಲೊಳಗಿಂದ ಒಮ್ಮೆಗೇ ಕಂಡಿತು, ಬೆಂಕಿಯ ಬೆಳಕು ಹೊಟ್ಟೆಗೆ ಬಿದ್ದು ಕೆಂಪಾಗಿತ್ತು. ನೆಲ ಮುಟ್ಟಿತು, ಎಗರಿತು, ಮತ್ತೆ ಮುಟ್ಟಿತು. ಅರ್ಧ ಬಯಲು ದಾಟುವವರೆಗೆ ಸರಿಯಾಗಿಯೇ ಓಡಿತು. ಆಮೇಲೆ ಬಲಗಡೆಗೆ ಎಳೆಯಿತು. ಬೆಂಕಿಯ ಸಾಲನ್ನು ತುಳಿದು, ಕಿಡಿ ಹಾರಿಸಿ, ಚರಂಡಿಗೆ ಗಾಲಿ ಇಳಿಸಿ, ಕೊಯ್ದ ಹೊಲಕ್ಕೆ ರೆಕ್ಕೆ ಊರಿತು. ಕಲ್ಲುಗೋಡೆ ಕುಸಿದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ.

ಧನಜಿತ್ ಅತ್ತ ಓಡಿದ. ತೀರ್ಥಮಾನ್ ಮರಳಿನ ಬಕೆಟ್ ಹಿಡಿದು ಅವನನ್ನು ದಾಟಿ ಹೋದ. "ಬೆಂಕಿ ತರಬೇಡಿ, ಹತ್ತಿರ ಬೆಂಕಿ ತರಬೇಡಿ, ಪೆಟ್ರೋಲ್ ವಾಸನೆ!" ಅಂತ ಕೂಗಿದ. ಹಾಗಾಗಿ ಎಲ್ಲಾ ಕತ್ತಲಲ್ಲೇ ನಡೆಯಿತು. ಬಾಗಿಲು ತೆರೆದದ್ದು ಕಾಣಲಿಲ್ಲ, ಕೇಳಿಸಿತು. ಒಬ್ಬೊಬ್ಬರೇ ಹೊರಗೆ ಧುಮುಕುತ್ತಿದ್ದರು. ಕತ್ತಲಲ್ಲಿ ಕೈಚಾಚಿ ನಿಂತ ಊರವರು ಮುಟ್ಟಿ ಮುಟ್ಟಿ ಕೇಳುತ್ತಿದ್ದರು.

"ಯಾರು?"

"ನಾನು, ಬೋಹರಾ ಮಾಸ್ತರು. ಹಲ್ಲು ಹೋಯ್ತು."

"ಹಲ್ಲು ತಾನೇ, ಹೋಗಲಿ. ನೀನ್ಯಾರು?"

"ದೇವಿಸರಾ. ನನ್ನ ಮಗು ಎಲ್ಲಿ? ಮಗು…"

"ಇಲ್ಲಿದೆ, ಇಲ್ಲಿದೆ, ನನ್ನ ಮೇಲೇ ಉಚ್ಚೆ ಹೊಯ್ದಿದೆ. ಗಟ್ಟಿಯಾಗಿದೆ."

ಕ್ಯಾಪ್ಟನ್ ಗುರುಂಗ್ ಹಣೆಗೆ ಕರವಸ್ತ್ರ ಒತ್ತಿಕೊಂಡು ಎಣಿಸುತ್ತಿದ್ದ. ಒಂಬತ್ತು, ಹತ್ತು, ಹನ್ನೊಂದು. ಧನಜಿತ್ ಪ್ರತಿಯೊಬ್ಬರ ಭುಜ ಮುಟ್ಟಿದ. ಯಾವುದೂ ಅವಳ ಭುಜವಲ್ಲ. ಹನ್ನೆರಡನೆಯವರು ಇಳಿಯಬೇಕಿತ್ತು, ಇಳಿಯಲಿಲ್ಲ. ಬಾಗಿಲ ಕಪ್ಪು ತೂತು ಹಾಗೇ ಇತ್ತು. ಅವನು ಅದರ ಅಂಚು ಹಿಡಿದು ನಿಂತ. ಕೂಗಬೇಕು ಅನ್ನಿಸಿತು, ಕೂಗಿದರೆ ಉತ್ತರ ಬರದಿದ್ದರೆ ಏನು ಮಾಡುವುದು ಅಂತ ಕೂಗಲಿಲ್ಲ.

ಒಳಗೆ ಏನೋ ಉರುಳಿದ ಸದ್ದಾಯಿತು.

"ಥೂ, ಈ ಗಂಟು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ನೋಡು! ಯಾರಾದ್ರೂ ಕೈ ಕೊಡ್ತೀರಾ, ಇಲ್ಲಾ ಎಲ್ಲಾ ಓಡಿಹೋದ್ರಾ?"

ಧನಜಿತ್ ಬಾಗಿಲಿಗೆ ಒರಗಿಕೊಂಡು ಕೈ ಒಳಗೆ ಚಾಚಿದ. ಮೊದಲು ಬಟ್ಟೆಯ ಗಂಟು ಬಂತು. ಅದನ್ನು ಹಿಂದಕ್ಕೆ ಎಸೆದ. ಆಮೇಲೆ ಅವಳ ಕೈ ಬಂತು.

"ಯಾರು?" ಅಂದಳು.

"ನಾನು."

"ನೀನಾ?" ಅಂದಳು ಲಾಲಸರಾ. ಕೆಳಗಿಳಿದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ನಿಂತಳು, ಊರ ಕಡೆ ನೋಡಿದಳು. ಕೈಯ ಹಿಡಿತ ಬಿಗಿಯಾಯಿತು. ದನಿ ತಗ್ಗಿತು. "ಊರಲ್ಲಿ ಯಾರು ಸತ್ತರು?"

"ಆಂ?"

"ಲಕ್ಷ್ಮೀಪೂಜೆ ರಾತ್ರಿ ಒಂದು ಮನೇಲೂ ದೀಪ ಇಲ್ಲ. ಯಾರು ಸತ್ತರು ಹೇಳು, ಮುಚ್ಚಿಡಬೇಡ. ಜೌಕಲಾ ಭಾವುಜೂನಾ?"

"ಸಾಯ್ತೀನಿ ಕಣೇ, ನಿನ್ನ ಕೈಯಲ್ಲಿ ಒಂದು ವರ್ಷ ಗಂಜಿ ಕುಡಿದು ಆಮೇಲೆ ಸಾಯ್ತೀನಿ!" ಕತ್ತಲಲ್ಲೇ ಜೌಕಲಾ ಕೂಗಿದಳು. ಸುತ್ತ ನಿಂತವರೆಲ್ಲ ನಕ್ಕರು. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿ, ಹಣೆಯ ರಕ್ತ ಒರೆಸಿಕೊಳ್ಳುತ್ತ ಕ್ಯಾಪ್ಟನ್ ಕೂಡ ನಕ್ಕ.

ಧನಜಿತನಿಗೆ ನಗು ಬರಲಿಲ್ಲ, ಅಳು ಬಂತು. ಕತ್ತಲು ಇದ್ದದ್ದು ಒಳ್ಳೆಯದಾಯಿತು.

"ಯಾರೂ ಸತ್ತಿಲ್ಲ," ಅಂದ. "ಯಾರೂ ಇಲ್ಲ." ಮತ್ತೆ ಇನ್ನೊಂದು ಸಲ ಅದನ್ನೇ ಹೇಳಿದ.

ಅವಳನ್ನು ಬೆನ್ನುಬುಟ್ಟಿಯಲ್ಲಿ ಹೊತ್ತೊಯ್ಯಲು ಹಮಾಲನೊಬ್ಬ ಮುಂದೆ ಬಂದ. ಲಾಲಸರಾ ಒಪ್ಪಲಿಲ್ಲ, ಆಕಾಶದಲ್ಲಿ ಕೂತು ಕೂತು ಸಾಕಾಗಿದೆ, ನೆಲದ ಮೇಲೆ ನಡೀತೀನಿ ಅಂದಳು. ಮುಖಿಯಾ ಗೋರಖ್ ಶಾಹಿ ಬಯಲಿನುದ್ದಕ್ಕೂ ಬಗ್ಗಿ ಬಗ್ಗಿ ಹಣತೆ ಆಯುತ್ತಿದ್ದ, ಒಡೆದದ್ದನ್ನೂ ಬಿಡುತ್ತಿರಲಿಲ್ಲ. ವಿಮಾನ ತುಳಿದ ಮೂರು ತನ್ನವೇ ಅಂತ ಜೌಕಲಾಳ ಜೊತೆ ಆಗಲೇ ವಾದಕ್ಕೆ ಬಿದ್ದಿದ್ದ.

ಗಂಡ ಹೆಂಡತಿ ಏರು ಹತ್ತಿದರು. ಹತ್ತು ಹೆಜ್ಜೆಗೊಮ್ಮೆ ಅವಳು ನಿಲ್ಲುತ್ತಿದ್ದಳು, ಅವನೂ ನಿಲ್ಲುತ್ತಿದ್ದ. ವಿಮಾನದ ಬಾಗಿಲಲ್ಲಿ ಹಿಡಿದ ಕೈಯನ್ನು ಅವನು ಇನ್ನೂ ಬಿಟ್ಟಿರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಊರ ದಾರಿಯಲ್ಲಿ ಹಾಗೆ ಕೈ ಹಿಡಿದು ನಡೆದವರಲ್ಲ ಅವರು.

"ಹೊಲಿಗೆ ಬಿಚ್ಚಿಕೊಂಡಿದೆಯಾ?" ಕೇಳಿದ.

"ಇಲ್ಲ. ಇನ್ನೂ ಎಂಟು ದಿನ ಇರು ಅಂದ್ರು ಡಾಕ್ಟರು. ನೀನು ಬಾ ಅಂದೆಯಲ್ಲ."

"ತಪ್ಪಾಯ್ತು."

ಲಾಲಸರಾ ನಿಂತಳು. ಅವನು ಆ ಮಾತು ಯಾವತ್ತಾದರೂ ಆಡಿದ್ದು ಅವಳಿಗೆ ನೆನಪಿರಲಿಲ್ಲ. "ನೀನು ಕರೀದಿದ್ರೂ ಬರ್ತಿದ್ದೆ," ಅಂದಳು. "ನಡಿ, ಚಳಿ."